ಟ್ಯಾಂಕರ್ ಲಾರಿಯ ಕ್ಲಚ್ಚು
(ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಈ ವೇದಿಕೆಯ ಮೇಲೆ ನಿಂತು ಪರೀಕ್ಷೆಯ ಫಲಿತಾಂಶವನ್ನು ಅರಿಕೆ ಮಾಡಿಕೊಳ್ಳುವುದು ನಮ್ಮ ವಾಡಿಕೆ. ಈ ಸಲ ಆ ವರದಿ ಅಚ್ಚಾಗಿ ತಮ್ಮ ಕೈಯಲ್ಲಿಯೇ ಇದೆ. ಆದುದರಿಂದ ಒಂದು ಲಾರಿಯ ಸಂಗತಿಯನ್ನು ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಮುಖ್ಯಾಧ್ಯಾಪಕರಿಗೂ ಲಾರಿಗೂ ಏನು ಸಂಬಂಧವೆಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ಸಂಬಂಧವುಂಟು, ಅದರಲ್ಲಿ ನಮ್ಮದೊಂದು ತಪ್ಪೂ ಉಂಟು.

ನಮ್ಮ ಜತ್ತ ತಾಲ್ಲೂಕು ಬರದ ಸೀಮೆಯೆಂಬುದನ್ನು ದರಿಬಡಚಿಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಬಾವಿ ಬತ್ತಿದ ಬೇಸಗೆಯಲ್ಲಿ ಕೊಡಗಳ ಸಾಲು ಎದುರು ನೋಡುವುದು ಟ್ಯಾಂಕರನ್ನು. ಎರಡು ವರ್ಷಗಳ ಹಿಂದೆ ಅಂಥ ಬೇಸಗೆಯೊಂದರಲ್ಲಿ, ವಾರ್ಷಿಕ ಪರೀಕ್ಷೆ ಸಮೀಪಿಸಿದಾಗ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು ಮೂರು ದಿನ ಶಾಲೆಯ ಕಡೆಗೆ ತಲೆಹಾಕಲಿಲ್ಲ. ಬೈದು ಕರೆತರೋಣವೆಂದು ನಾವೇ ಅವನ ಮನೆಗೆ ಹೋದೆವು. ಬೇವಿನ ಮರದ ಕೆಳಗೆ ನೀರಿನ ಟ್ಯಾಂಕರ್ ಲಾರಿ ನಿಂತಿತ್ತು. ಅದರ ಅಡಿಯಿಂದ ನಾಲ್ಕು ಕಾಲುಗಳು ಹೊರಚಾಚಿದ್ದುವು. ಎರಡು ತಂದೆಯವು, ಎರಡು ಮಗನವು.

"ಗುರುಗಳ, ಇವತ್ತೊಂದ್ ದಿನ ಬಿಡ್ರಿ. ಹಿಡಿಯಾಕ ಇನ್ನೊಂದು ಕೈ ಬೇಕಾಗೇತ್ರಿ" ಎಂದು ಒಳಗಿನಿಂದಲೇ ಧ್ವನಿ ಬಂದಿತು. ತುಂಬಿದ ಲಾರಿ ಏರಿನಲ್ಲಿ ನಿಂತುಬಿಟ್ಟಿತ್ತಂತೆ. ಎಂಜಿನ್ನು ಅಬ್ಬರಿಸುವುದು, ಗಾಲಿ ಮಾತ್ರ ತಿರುಗದು. ಪಟ್ಟಣದ ಗ್ಯಾರೇಜಿಗೆ ಎಳೆಯಿಸಿಕೊಂಡು ಹೋಗಲು ಹಣವಿಲ್ಲ. ಊರಿಗೆ ನೀರೂ ಇಲ್ಲ. ಮನೆಯಲ್ಲಿಯೇ ಕ್ಲಚ್ಚು ಬದಲಿಸಲು ತಂದೆ ನಿಶ್ಚಯಿಸಿದ್ದನು. ಬೈಗುಳವನ್ನು ನುಂಗಿಕೊಂಡು ನಾವು ಹೊರಸಿನ ಮೇಲೆ ಕುಳಿತೆವು.

ತಾಯಂದಿರಿಗೆ ತಿಳಿಯುವಂತೆ ಹೇಳುವುದಾದರೆ, ಕ್ಲಚ್ಚೆಂಬುದು ಬೀಸುಕಲ್ಲಿನ ಜೋಡಿಯಂಥದು. ಎಂಜಿನ್ನಿನ ಬೆನ್ನಿಗೆ ಫ್ಲೈವ್ಹೀಲೆಂಬ ಭಾರವಾದ ಚಕ್ರವು ಸದಾ ತಿರುಗುತ್ತಿರುತ್ತದೆ. ಅದರ ಮೈಗೆ ಕ್ಲಚ್ ಪ್ಲೇಟೆಂಬ ತಟ್ಟೆಯನ್ನು ಬಲವಾದ ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಒತ್ತಿದ್ದಾಗ ಎರಡೂ ಒಂದಾಗಿ ತಿರುಗಿ ಬಲವು ಗೇರ್‌ಪೆಟ್ಟಿಗೆಗೆ ಸಾಗುತ್ತದೆ. ಕಾಲಿನಿಂದ ಪೆಡಲ್ ತುಳಿದರೆ ಒತ್ತಡ ಬಿಟ್ಟು ತಟ್ಟೆ ಬೇರೆಯಾಗುತ್ತದೆ. ನಡೆಸುವುದೆಲ್ಲ ಉಜ್ಜುವಿಕೆಯೇ. ಉಜ್ಜುವ ಮೈ ಸವೆದರೆ, ಇಲ್ಲವೆ ಅದಕ್ಕೆ ಎಣ್ಣೆ ತಗಲಿದರೆ, ತಟ್ಟೆ ಜಾರುತ್ತದೆ.

ಬ್ಯಾಟರಿಯ ತಂತಿ ಕಳಚಿ, ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ದಂಡವನ್ನು ಬಿಚ್ಚಿ, ಗೇರ್‌ಪೆಟ್ಟಿಗೆಯನ್ನು ಅವರು ಮೊದಲೇ ಇಳಿಸಿದ್ದರು. ಹಳೆಯ ತಟ್ಟೆ ಕೈಗೆ ಬಂದಾಗ ಹುಡುಗನು ಅದನ್ನು ಮೂಗಿನ ಹತ್ತಿರ ಹಿಡಿದು, "ಅಪ್ಪಾ, ಇದು ಸವದಿಲ್ಲ, ಎಣ್ಣಿ ಕುಡದೈತಿ. ಗೇರ್ ಎಣ್ಣಿ ವಾಸ್ನಿ ಅಲ್ಲ, ಎಂಜಿನ್ ಎಣ್ಣಿದು" ಎಂದನು. ಗೇರಿನ ಎಣ್ಣೆಗೆ ಗಂಧಕದ ಕಟುವಾಸನೆ ಇರುತ್ತದೆ. ಆ ವಾಸನೆ ಇಲ್ಲದಿದ್ದುದರಿಂದ ಸೋರಿಕೆ ಎಂಜಿನ್ನಿನ ಹಿಂದಿನ ಸೀಲಿನಿಂದಲೇ ಎಂದು ಅವನು ತೀರ್ಮಾನಿಸಿದ್ದನು. ಸೀಲನ್ನು ಬದಲಿಸದೆ ಹೊಸ ತಟ್ಟೆ ಹಾಕಿದ್ದರೆ ಅದೂ ಕೆಲವು ದಿನಗಳಲ್ಲಿ ಎಣ್ಣೆ ಕುಡಿದು ಜಾರುತ್ತಿತ್ತು. ಭೂಮಿತಿಯ ಪ್ರಮೇಯದಲ್ಲಿ ತಡವರಿಸುವ ಹುಡುಗನು ಇಲ್ಲಿ ಕಾರ್ಯದಿಂದ ಕಾರಣಕ್ಕೆ ಎಷ್ಟು ಸರಾಗವಾಗಿ ನಡೆದನೆಂದು ನಾವು ಬೆರಗಾದೆವು.

ಸೀಲು ತರಿಸಿ ಕೂಡಿಸುವುದರಲ್ಲಿ ಆ ದಿನ ಕಳೆಯಿತು. ಮರುದಿನ ರವಿವಾರ, ಕುತೂಹಲ ತಡೆಯದೆ ಮತ್ತೆ ಹೋದೆವು. ಹಳೆಯ ಗೇರ್ ಷಾಫ್ಟಿನ ತುಂಡೊಂದನ್ನು ನಡುವೆ ತೂರಿಸಿ, ಹೊಸ ತಟ್ಟೆಯನ್ನು ಸರಿಯಾಗಿ ಮಧ್ಯಕ್ಕೆ ತಂದು ಬಿಗಿದರು. ಉಳಿದುದು ಗೇರ್‌ಪೆಟ್ಟಿಗೆಯನ್ನು ಮೇಲೆತ್ತಿ ಸೇರಿಸುವುದು. ನೂರು ಕಿಲೋಗ್ರಾಮಿಗೂ ಮೀರಿದ ಭಾರ. ನಾಲ್ಕು ಇಟ್ಟಿಗೆ, ಅವುಗಳ ಮೇಲೆ ಒಂದೇ ಜಾಕು, ಜಾಕಿನ ಚಿಕ್ಕ ತಲೆಯ ಮೇಲೆ ಆ ಪೆಟ್ಟಿಗೆ. ಅದು ಓಲದಂತೆ ಹುಡುಗನು ಅಡಿಯಲ್ಲಿ ಮಲಗಿ ಎರಡೂ ಕೈಗಳಿಂದ ಹಿಡಿದಿದ್ದನು. ಎಮ್ಮೆಯ ಬಾನಿಯ ನೀರು ಹರಿದು ಅಲ್ಲಿನ ನೆಲ ಮೆತ್ತಗಾಗಿತ್ತು.

ನಾವು ಬಿ.ಎ., ಬಿ.ಟಿ.; ಕಲಿತದ್ದು ಇತಿಹಾಸ. ಆದರೆ ಶಿಕ್ಷಕರ ಕೊರತೆಯಿಂದ ವಿಜ್ಞಾನವನ್ನೂ ಕಲಿಸುತ್ತೇವೆ. ಅದೇ ವರ್ಷ ಅದೇ ವರ್ಗದಲ್ಲಿ, ಮೇವು ಹೇರಿದ ಬಂಡಿಯ ಚಿತ್ರ ಬರೆದು, ಗುರುತ್ವಕೇಂದ್ರವು ಆಸರೆಯ ಹೊರಗೆ ಹೋದರೆ ಬಂಡಿ ಉರುಳುವುದೆಂದು ಕಲಿಸಿದ್ದೆವು. ಕಣ್ಣೆದುರಿಗೆ ಅದೇ ಪಾಠ ನಿಂತಿತ್ತು. ನಾವು ಚಹ ಕುಡಿಯುತ್ತ ನೋಡುತ್ತಿದ್ದೆವು.

ಒಂದು ಬದಿಯ ಇಟ್ಟಿಗೆ ಕುಸಿಯಿತು. ಪೆಟ್ಟಿಗೆ ವಾಲಿತು. ಷಾಫ್ಟಿನ ತುದಿ ತಟ್ಟೆಯ ನಡುವೆ ಸಿಕ್ಕಿಕೊಂಡು ಕ್ಷಣಕಾಲ ತೂಗಿತು. ಹುಡುಗನು ಹೊರಳಿದ್ದು ಆ ಕ್ಷಣದಲ್ಲಿಯೇ. ಅವನ ಎದೆಯಿದ್ದ ಜಾಗದಲ್ಲಿ ಪೆಟ್ಟಿಗೆ ಬಿದ್ದಿತು.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಸಾಲ ಮಾಡಿ ತಂದಿದ್ದ ಹೊಸ ತಟ್ಟೆಯ ನಡುಭಾಗ ಡೊಂಕಾಗಿತ್ತು. ತಾಯಿ ಒಳಗಿನಿಂದ ಓಡಿಬಂದು ಮಗನ ಮೈದಡವಿದಳು. ಗಂಡನನ್ನು ಏನೂ ಅನ್ನಲಿಲ್ಲ, ನಮ್ಮನ್ನೂ ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಅಷ್ಟು ಭಾರವಾಗುತ್ತಿರಲಿಲ್ಲವೇನೋ.

ಎರಡನೆಯ ಸಲ ಕೆಲಸ ಬೇರೆ ರೀತಿಯಿಂದ ನಡೆಯಿತು. ಬೋರಿನ ಪಂಪು ಎತ್ತುವವರಿಂದ ಸರಪಳಿ ಕಪ್ಪಿ ಬಂದಿತು. ಕ್ಯಾಬಿನ್ನಿನ ನೆಲದ ತಗಡು ತೆಗೆದು, ಎರಡೂ ಬಾಗಿಲುಗಳಲ್ಲಿ ಹಾಯುವಂತೆ ದಪ್ಪ ಕಬ್ಬಿಣದ ಕೊಳವೆಯನ್ನಿಟ್ಟು, ಅದರ ತುದಿಗಳಿಗೆ ಹೊರಗೆ ಭದ್ರವಾದ ಆಸರೆ ಕೊಟ್ಟು, ಪೆಟ್ಟಿಗೆಯನ್ನು ಮೇಲಿನಿಂದ ತೂಗಿಬಿಟ್ಟರು. ಅದು ಮೇಲೇರಿದಂತೆಲ್ಲ ಅಡಿಯಲ್ಲಿ ಮರದ ದಿಮ್ಮಿಗಳನ್ನು ಸರಿಸುತ್ತ ಹೋದರು. ಸರಪಳಿ ಹರಿದರೂ ನಾಲ್ಕು ಬೆರಳಿಗಿಂತ ಹೆಚ್ಚು ಬೀಳುವಂತಿರಲಿಲ್ಲ. ಹುಡುಗನು ಹೊರಗೆ ನಿಂತು ಸರಪಳಿ ಎಳೆದನು. ಭಾರದ ಅಡಿಯಲ್ಲಿ ಯಾರ ಮೈಯೂ ಇರಕೂಡದೆಂದು ನಾವು ಹಟ ಹಿಡಿದು ನಿಂತೆವು. ಈ ಸಲ ಚಹ ಕುಡಿಯಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವನೇ ಒಂದು ಪ್ರಶ್ನೆ ತಂದನು: "ಗುರುಗಳ, ಹೊಂಡ ತೋಡೋ ಜೆಸಿಬಿಗೆ ಇಂಥಾ ಪ್ಲೇಟ್ ಇಲ್ಲಂತ. ಮತ್ತ ಹ್ಯಾಂಗ ನಡೀತೈತ್ರಿ?" ನಮಗೆ ತಿಳಿದಿರಲಿಲ್ಲ, ಓದಿ ಹೇಳಿದೆವು. ಅಲ್ಲಿರುವುದು ಟಾರ್ಕ್ ಕನ್ವರ್ಟರ್, ಅಂದರೆ ತಿರುಚುಬಲವನ್ನು ಮಾರ್ಪಡಿಸುವ ಯಂತ್ರ. ಎರಡು ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ? ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನಿನ ಕಡೆಯ ರೆಕ್ಕೆಗಳು ಎಸೆದ ಎಣ್ಣೆ ಗೇರಿನ ಕಡೆಯ ರೆಕ್ಕೆಗಳನ್ನು ನೂಕುತ್ತದೆ. ನಡುವಿನ ಮೂರನೆಯ ಚಕ್ರವು ಮರಳುವ ಎಣ್ಣೆಯ ದಿಕ್ಕನ್ನು ತಿರುಗಿಸಿಕೊಡುವುದರಿಂದ, ಗಾಡಿ ಹೊರಡುವಾಗ ತಿರುಚುಬಲವು ಸುಮಾರು ಇಮ್ಮಡಿಯಾಗುತ್ತದೆ. ಸೈಕಲ್ಲಿನ ಫ್ರೀವ್ಹೀಲಿನಂತೆ ಆ ಚಕ್ರ ಒಂದೇ ದಿಕ್ಕಿಗೆ ತಿರುಗಬಲ್ಲುದು. ಜರ್ಮನಿಯ ಹರ್ಮನ್ ಫಾಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಮೋಟಾರುಗಳಿಗೆ ಬಂದದ್ದು ಆಮೇಲೆ.

"ಅದನ್ನೂ ಮನ್ಯಾಗ ಹಾಕಬಹುದೇನ್ರಿ?" ಎಂದನು. ಅಮೆರಿಕದಂಥ ದೇಶಗಳಲ್ಲಿ ಲಾರಿಯ ಕನ್ವರ್ಟರನ್ನು ಮನೆಯಂಗಳದಲ್ಲಿ ಬದಲಿಸುವವರುಂಟು. ಆದರೆ ಅದರ ಕುತ್ತಿಗೆಯು ಗೇರ್‌ಪೆಟ್ಟಿಗೆಯ ಎಣ್ಣೆಪಂಪಿನೊಳಗೆ ಕಡೆಯವರೆಗೂ ಕುಳಿತಿದೆಯೆಂದು ಅಳೆದು ನೋಡಿಯೇ ಎಂಜಿನ್ನಿಗೆ ಜೋಡಿಸಬೇಕು. ಕುಳಿತಿಲ್ಲದುದನ್ನು ಬೋಲ್ಟು ಬಿಗಿದು ಎಳೆದರೆ ಪಂಪು ಒಡೆಯುತ್ತದೆ. ಹಳೆಯದು ಪುಡಿಯಾಗಿದ್ದರೆ, ಎಣ್ಣೆ ತಣಿಸುವ ನಳಿಗೆಗಳಲ್ಲಿ ನಿಂತ ಲೋಹದ ಚೂರುಗಳನ್ನೂ ತೊಳೆಯಬೇಕು. ಇಷ್ಟು ಹೇಳಿ, ಮೊದಲು ಜಾಕನ್ನು ಎಂಥ ನೆಲದ ಮೇಲಿಡುವೆಯೆಂದು ಕೇಳಿದೆವು. ಹುಡುಗನು ನಕ್ಕನು.

ಅವನೀಗ ಐ.ಟಿ.ಐ.ಯಲ್ಲಿ ಮೋಟಾರು ದುರಸ್ತಿ ಕಲಿಯುತ್ತಿದ್ದಾನೆ. ಡೊಂಕಾದ ಆ ತಟ್ಟೆಯನ್ನು ತಂದೆ ನಮಗೆ ಕೊಟ್ಟನು. ವಿಜ್ಞಾನದ ಕಪಾಟಿನ ಮೇಲಣ ಅರೆಯಲ್ಲಿ ಇಟ್ಟಿದ್ದೇವೆ. ಎಂಟನೆಯ ಇಯತ್ತೆಯವರಿಗೆ ಗುರುತ್ವಕೇಂದ್ರದ ಪಾಠ ಬರುವ ವಾರವಿದೆ. ಬೀಗದ ಕೈ ನಮ್ಮಲ್ಲಿದೆ. ನೋಡಬಯಸುವ ಪಾಲಕರೂ ಆಗ ಬರಬಹುದು.