ತ್ಯಾಗಮಯಿ ನಾಯಕಿ ‘ಬೇಡ’ ಎಂದಾಗ



ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಒಬ್ಬ ನಾಯಕಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಆಕೆ ಮನೆಯವರೆಲ್ಲ ಉಂಡ ಮೇಲೆ ಊಟಕ್ಕೆ ಕೂರುವವಳು. ತಮ್ಮನ ಓದಿಗಾಗಿ ತನ್ನ ಓದನ್ನು ನಿಲ್ಲಿಸಿದವಳು. ತಂಗಿ ಮೆಚ್ಚಿದ ವರನನ್ನು ತಂಗಿಗೇ ಬಿಟ್ಟುಕೊಟ್ಟವಳು. ತಂದೆಯ ಸಾಲ ತೀರಲೆಂದು ಒಲ್ಲದ ಮದುವೆಗೆ ತಲೆಬಾಗಿದವಳು. ಊರಿಗೆ ಊರೇ ಅವಳನ್ನು ‘ಬಂಗಾರದಂಥ ಹುಡುಗಿ’ ಎಂದು ಕೊಂಡಾಡುತ್ತದೆ. ಕಾದಂಬರಿ ಮುಗಿಯುವ ಹೊತ್ತಿಗೆ ಇವಳು ಪ್ರೀತಿಯನ್ನು ಕಲಿಯಬೇಕು. ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಎಲ್ಲರಿಗೂ ಎಲ್ಲವನ್ನೂ ಕೊಟ್ಟವಳಿಗೆ ಪ್ರೀತಿಯ ವಿಷಯದಲ್ಲಿ ಕಲಿಯಲು ಉಳಿದಿರುವುದಾದರೂ ಏನು?

ಕೊಡುವುದನ್ನಂತೂ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳಿಗೆ ಬಾರದೆ ಇರುವುದು ಪಡೆಯುವುದು, ಕೇಳುವುದು, ‘ಇದು ನನಗೆ ಬೇಕು’, ‘ಇದು ನನಗೆ ಬೇಡ’ ಎಂದು ಬಾಯಿಬಿಟ್ಟು ಹೇಳುವುದು. ಕನ್ನಡದ ಕಾದಂಬರಿ ತನ್ನ ನಾಯಕಿಗೆ ಈ ಎರಡು ಮಾತುಗಳನ್ನು ಕಲಿಸಲು ಬಹುಕಾಲ ತೆಗೆದುಕೊಂಡಿತು. ಆ ಕಲಿಕೆಯ ಚರಿತ್ರೆ ಕುತೂಹಲಕರವಾದದ್ದು.

ತ್ಯಾಗಮಯಿಯ ಚಿತ್ರ ಕಾದಂಬರಿಗಿಂತ ತುಂಬ ಹಳೆಯದು. ಕನ್ನಡ ನಾಡಿನ ಮಕ್ಕಳೆಲ್ಲ ಬಲ್ಲ ‘ಗೋವಿನ ಹಾಡಿ’ನಲ್ಲಿ ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳಿ ಬರುತ್ತದೆ. ಹುಲಿಯ ಮನಸ್ಸು ಕರಗುತ್ತದೆ, ಅದು ತನ್ನ ಪ್ರಾಣವನ್ನೇ ಬಿಡುತ್ತದೆ. ಜನಪದರ ‘ಕೆರೆಗೆ ಹಾರ’ದಲ್ಲಿ ಹೀಗಾಗುವುದಿಲ್ಲ. ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡಲು ಹಿರಿಯರು ನಿಶ್ಚಯಿಸುತ್ತಾರೆ. ಯಾರೂ ಅವಳ ಒಪ್ಪಿಗೆ ಕೇಳುವುದಿಲ್ಲ. ಕೆರೆ ತುಂಬುತ್ತದೆ, ಆದರೆ ದಂಡಿನಿಂದ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಮೊದಲನೆಯ ಕಥೆಯಲ್ಲಿ ತ್ಯಾಗ ಎದುರಿನವನನ್ನು ಬದಲಿಸುತ್ತದೆ. ಎರಡನೆಯದರಲ್ಲಿ ಊರಿಗೆ ನೀರು ಸಿಕ್ಕುತ್ತದೆ, ಪ್ರೀತಿ ಮುಳುಗುತ್ತದೆ. ಮುಂದೆ ಬಂದ ಕಾದಂಬರಿಗಳು ಬಹುಪಾಲು ಈ ಎರಡು ಕಥೆಗಳ ನಡುವೆ ತೂಗಾಡಿದವು ಎಂದರೆ ತಪ್ಪಾಗಲಾರದು.

ಆರಂಭ ಮಾತ್ರ ದಿಟ್ಟವಾಗಿಯೇ ಇತ್ತು. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾಗಿದೆ. ಅದರ ನಾಯಕಿ ಬಾಲವಿಧವೆ. ಆಕೆ ಮನೆ ಬಿಟ್ಟು ಬಂದು, ವಿದ್ಯೆ ಕಲಿತು, ಮೆಚ್ಚಿದವನನ್ನು ಮದುವೆಯಾಗುತ್ತಾಳೆ. 1856ರಲ್ಲೇ ವಿಧವಾ ವಿವಾಹ ಕಾಯಿದೆ ಬಂದಿದ್ದರೂ ಸಮಾಜ ಅದನ್ನು ಒಪ್ಪಿರದ ಕಾಲವದು. ಹದಿನಾಲ್ಕು ವರ್ಷಗಳ ಅನಂತರ, 1913ರಲ್ಲಿ, ನಂಜನಗೂಡು ತಿರುಮಲಾಂಬಾ ಅವರ ‘ಸುಶೀಲೆ’ ಬಂತು. ಹೆಸರೇ ಹೇಳುವಂತೆ ಸುಶೀಲೆ ಆದರ್ಶ ಗೃಹಿಣಿ, ತಾಳ್ಮೆಯೇ ಅವಳ ಆಯುಧ. ವಿಚಿತ್ರವೆಂದರೆ ಲೇಖಕಿಯ ಬದುಕು ನಾಯಕಿಯ ಬದುಕಿಗಿಂತ ಸಾಹಸದ್ದು. ಎಳವೆಯಲ್ಲೇ ವೈಧವ್ಯ ಬಂದರೂ ತಿರುಮಲಾಂಬಾ ಮೂಲೆ ಸೇರಲಿಲ್ಲ. ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಸ್ವತಃ ನಡೆಸಿದರು, ಪತ್ರಿಕೆ ಹೊರಡಿಸಿದರು. ಹೆಣ್ಣೊಬ್ಬಳು ಬರೆಯುವುದೇ ಅಪರೂಪವಾಗಿದ್ದ ದಿನಗಳಲ್ಲಿ ಆದರ್ಶ ಸತಿಯ ಕಥೆ ಅವರಿಗೆ ಒಂದು ರಹದಾರಿಯೂ ಆಗಿದ್ದಿರಬಹುದು.

ಸ್ವಾತಂತ್ರ್ಯಾನಂತರ ಪರಿಸ್ಥಿತಿ ಬದಲಾಯಿತು. ಹೆಣ್ಣುಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಶಾಲೆ, ಕಾಲೇಜುಗಳ ಮೆಟ್ಟಿಲು ಹತ್ತಿದರು. ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಹುಟ್ಟಿಕೊಂಡವು. ಪುಡಿಗಾಸಿನ ಬಾಡಿಗೆಗೆ ಒಂದು ಕಾದಂಬರಿ ಮನೆಗೆ ಬರುತ್ತಿತ್ತು. ಅದನ್ನು ತಾಯಿ, ಮಗಳು, ಪಕ್ಕದ ಮನೆಯವರು ಎಲ್ಲರೂ ಓದಿ ಮುಗಿಸಿದ ಮೇಲೆಯೇ ಹಿಂತಿರುಗುತ್ತಿತ್ತು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಆರಂಭವಾಗಿ, ವಾರಪತ್ರಿಕೆಯ ಧಾರಾವಾಹಿ ಮನೆಮನೆಯ ಮಾತಾಯಿತು. ಈ ಓದುಗರ ನಡುವೆ ಮೊದಲು ದೊಡ್ಡ ಹೆಸರು ಮಾಡಿದವರು ತ್ರಿವೇಣಿ.

ಅನಸೂಯಾ ಶಂಕರ್ ಎಂಬ ಹೆಸರಿನ ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹತ್ತು ವರ್ಷಗಳಷ್ಟು ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಅವರ ‘ಬೆಳ್ಳಿಮೋಡ’ ಪ್ರೇಮ ಕಾದಂಬರಿಯಾಗಿಯೇ ಜನಪ್ರಿಯವಾಯಿತು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಲನಚಿತ್ರವಾಗಿಸಿದರು.

ಕಥೆ ಹಲವರಿಗೆ ಗೊತ್ತಿರುವುದೇ. ಮಲೆನಾಡಿನ ಸಿರಿವಂತ ಸದಾಶಿವರಾಯರ ಒಬ್ಬಳೇ ಮಗಳು ಇಂದಿರಾ. ಬಡ ಹುಡುಗ ಮೋಹನನಿಗೂ ಅವಳಿಗೂ ಮದುವೆ ನಿಶ್ಚಯವಾಗುತ್ತದೆ. ಮಾವನಾಗುವವರ ಹಣದಿಂದಲೇ ಅವನು ಹೆಚ್ಚಿನ ಓದಿಗೆ ಅಮೆರಿಕಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಇನ್ನೊಬ್ಬ ವಾರಸುದಾರ ಬಂದನೆಂದು ತಿಳಿದಾಗ ಮೋಹನನ ಪ್ರೀತಿಯೂ ಆರಿಹೋಗುತ್ತದೆ. ಮುಂದೆ ಅವನೇ ಪೆಟ್ಟು ತಿಂದು ಹಾಸಿಗೆ ಹಿಡಿದಾಗ ಶುಶ್ರೂಷೆ ಮಾಡುವವಳು ಇಂದಿರಾ. ಅವಳ ಸೇವೆ ಕಂಡು ಮೋಹನನ ಕಣ್ಣು ತೆರೆಯುತ್ತದೆ. ಅವನು ಮದುವೆಯಾಗೋಣ ಎನ್ನುತ್ತಾನೆ.

ಇಲ್ಲಿಯವರೆಗಿನದು ಪುಣ್ಯಕೋಟಿಯ ದಾರಿ. ಹುಲಿ ಕರಗಿದೆ, ಓದುಗರು ಮಂಗಳ ಹಾಡಲು ಸಿದ್ಧರಾಗಿದ್ದಾರೆ. ಆದರೆ ಇಂದಿರಾ ಒಪ್ಪುವುದಿಲ್ಲ. ರೋಗಿಗೆ ಮಾಡಿದ ಉಪಚಾರ ಬೇರೆ, ಬಾಳ ಸಂಗಾತಿಗೆ ಕೊಡುವ ಒಲವು ಬೇರೆ ಎಂಬ ಗೆರೆಯನ್ನು ಆಕೆ ಎಳೆಯುತ್ತಾಳೆ. ಕರುಣೆ ಬತ್ತಿದ್ದರಿಂದ ಬಂದ ನಿರಾಕರಣೆ ಇದಲ್ಲ, ಕರುಣೆಯಿಂದಲೇ ಅಲ್ಲವೇ ಆರೈಕೆ ಮಾಡಿದ್ದು? ತನ್ನ ಪ್ರೀತಿಗೂ ಒಂದು ಬೆಲೆಯಿದೆ, ಅದನ್ನು ಬೇಕಾದಾಗ ಬಿಟ್ಟು ಬೇಕಾದಾಗ ಎತ್ತಿಕೊಳ್ಳಲಾಗದು ಎಂಬ ಅರಿವು ಅದು. ಪ್ರೀತಿಯನ್ನು ಕಲಿಯುವುದೆಂದರೆ ಕೆಲವೊಮ್ಮೆ ‘ಬೇಡ’ ಎನ್ನಲು ಕಲಿಯುವುದೂ ಹೌದು ಎಂದು ತ್ರಿವೇಣಿ ತೋರಿಸಿಕೊಟ್ಟರು.

ಈ ಕಥೆಯ ಬೇರು ನೆಲದಲ್ಲಿದೆ ಎಂಬುದನ್ನೂ ಗಮನಿಸಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಮಗನದಾಗಿಯೇ ಉಳಿಯಿತು. ಕರ್ನಾಟಕ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ತೊಟ್ಟಿಲಲ್ಲಿ ಮಲಗಿದ ಒಂದು ಗಂಡುಕೂಸು ಪ್ರಾಯದ ಹೆಣ್ಣೊಬ್ಬಳ ಮದುವೆಯನ್ನು ಮುರಿಯಬಲ್ಲದಾಗಿದ್ದರೆ ಅದಕ್ಕೆ ಮೋಹನನ ದುರಾಸೆಯೊಂದೇ ಕಾರಣವಲ್ಲ. ಮಗಳ ಬೆಲೆಯನ್ನು ಆಸ್ತಿಯಿಂದ ಅಳೆಯುವ ವ್ಯವಸ್ಥೆಯೂ ಅವನ ಬೆನ್ನಿಗಿತ್ತು. ಹೆಣ್ಣಿನ ತ್ಯಾಗವೆಂದು ಹಾಡಿ ಹೊಗಳಿದ್ದರಲ್ಲಿ ಎಷ್ಟು ಪಾಲು ಅವಳಿಗೆ ಸಿಗದೇ ಹೋದ ಹಕ್ಕು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ತ್ಯಾಗದ ಬೆಲೆ ಇನ್ನೂ ಕಠೋರವಾಗಬಹುದೆಂದು ಇತರ ಕೃತಿಗಳು ತೋರಿಸಿದವು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಬಾಣಂತನದ ಸಮಯದಲ್ಲಿ ಮನೋರೋಗಕ್ಕೆ ತುತ್ತಾಗಿ, ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಬರುತ್ತಾಳೆ. ಮನೆಯವರು ಅವಳನ್ನು ನಂಬುವುದಿಲ್ಲ, ಗಂಡನ ಮನಸ್ಸು ಬೇರೆಡೆ ಹೋಗಿದೆ. ಗುಣವಾದವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. 1971ರಲ್ಲಿ ಇದು ಚಿತ್ರವಾದಾಗ ಕಲ್ಪನಾ ಅಭಿನಯವನ್ನು ಜನ ಮರೆಯಲಿಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’ ಚಿತ್ರದಲ್ಲಿ ಚಂದ್ರಾ ಮದುವೆಯ ಕನಸನ್ನು ಬಿಟ್ಟುಕೊಟ್ಟು ಕಡೆಗೆ ಪ್ರಾಣವನ್ನೇ ಬಿಡುತ್ತಾಳೆ. ಅನುಪಮಾ ನಿರಂಜನ ಅವರು ‘ಮಾಧವಿ’ಯಲ್ಲಿ ಮಹಾಭಾರತದ ಕಥೆಯನ್ನೇ ಕೈಗೆತ್ತಿಕೊಂಡರು. ಗಾಲವನ ಗುರುದಕ್ಷಿಣೆಗೆ ಬೇಕಾದ 800 ಕುದುರೆಗಳಿಗಾಗಿ ಯಯಾತಿ ತನ್ನ ಮಗಳನ್ನು ದಾನ ಮಾಡುತ್ತಾನೆ. ಆಕೆ ಒಬ್ಬ ರಾಜನಿಂದ ಇನ್ನೊಬ್ಬ ರಾಜನ ಬಳಿಗೆ ಹೋಗಬೇಕಾಗುತ್ತದೆ. ಕೊನೆಗೆ ಸ್ವಯಂವರ ಏರ್ಪಟ್ಟಾಗ ಯಾರಿಗೂ ಮಾಲೆ ಹಾಕದೆ ಕಾಡಿಗೆ ನಡೆಯುತ್ತಾಳೆ. ದಾನಿ ಎಂಬ ಕೀರ್ತಿ ತಂದೆಗೆ, ಕಷ್ಟ ಮಗಳಿಗೆ.

ಪ್ರೀತಿಯ ಪಾಠವನ್ನು ಗಂಡಸಿಗೆ ಕಲಿಸಿದ ಕಾದಂಬರಿಗಳೂ ಇವೆ. ವಾಣಿಯವರ ‘ಎರಡು ಕನಸು’ 1974ರಲ್ಲಿ ರಾಜಕುಮಾರ್ ಅಭಿನಯದ ಚಿತ್ರವಾಗಿ ನಾಡಿನಾದ್ಯಂತ ಪರಿಚಿತವಾಯಿತು. ಹಳೆಯ ಒಲವನ್ನು ಮರೆಯಲಾರದ ಗಂಡ, ಮಾತಿಲ್ಲದೆ ಕಾಯುವ ಹೆಂಡತಿ ಅದರ ವಸ್ತು. ಕಡೆಗೆ ಕಣ್ಣು ತೆರೆಯುವವನು ಗಂಡ. ಆದರೆ ಅವನು ಕಲಿಯುವವರೆಗೆ ಕಾಯಬೇಕಾದವಳು ಅವಳೇ. ಇಂಥ ಕಥೆಗಳಲ್ಲಿ ಪಾಠ ಒಬ್ಬರದು, ಶುಲ್ಕ ಇನ್ನೊಬ್ಬರದು.

ಈ ಸಾಲಿನಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನಿಗೆ ವಿಶೇಷ ಸ್ಥಾನವಿದೆ. 1976ರಲ್ಲಿ ಬಂದ ಈ ಕೃತಿ ಪ್ರಣಯ ಕಾದಂಬರಿಯಲ್ಲ. ಲೇಖಕಿಯ ಬಂಧುವರ್ಗದಲ್ಲಿ ಬಾಳಿದ ಬಾಲವಿಧವೆಯೊಬ್ಬರ ಜೀವನವೇ ಅದರ ಆಧಾರ. ಕೇಶಮುಂಡನ, ಒಪ್ಪೊತ್ತಿನ ಊಟ, ಮಡಿ ಎಲ್ಲವನ್ನೂ ಫಣಿಯಮ್ಮ ಅನುಭವಿಸಿದ್ದಾಳೆ. ಹೀಗೆ ಎಲ್ಲವನ್ನೂ ಕಳೆದುಕೊಂಡವರು ಮುಂದಿನ ತಲೆಮಾರಿನ ಹೆಣ್ಣಿಗೂ ‘ನಾವು ಅನುಭವಿಸಲಿಲ್ಲವೇ?’ ಎನ್ನುವುದು ಲೋಕರೂಢಿ. ಎಷ್ಟೋ ಅತ್ತೆಯಂದಿರ ಕಟುತನದ ಹಿಂದೆ ಇಂಥ ಲೆಕ್ಕವಿರುತ್ತದೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ ಫಣಿಯಮ್ಮ ನಿಲ್ಲುವುದು ಅವಳ ಪರವಾಗಿ. ತನಗೆ ಆದದ್ದು ಇನ್ನೊಬ್ಬಳಿಗೆ ಆಗದಿರಲಿ ಎನ್ನುವ ಈ ನಿಲುವು ಪ್ರೀತಿಯ ಬಹು ದೊಡ್ಡ ರೂಪ.

ಇಂಥ ಬರಹಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಹಗುರವಾಗಿ ಕಂಡ ವಿಮರ್ಶೆ ಬಹುಕಾಲ ಇತ್ತು. ಆಕ್ಷೇಪದಲ್ಲಿ ಸ್ವಲ್ಪ ಹುರುಳೂ ಇಲ್ಲದಿಲ್ಲ. ಕಣ್ಣೀರನ್ನೇ ಬಂಡವಾಳ ಮಾಡಿಕೊಂಡು, ಸಹಿಸಿದವಳಿಗೆ ಕೊನೆಯ ಅಧ್ಯಾಯದಲ್ಲಿ ಒಳ್ಳೆಯ ಗಂಡನನ್ನು ಬಹುಮಾನವಾಗಿ ಕೊಟ್ಟ ಕಾದಂಬರಿಗಳು ಬೇಕಾದಷ್ಟು ಬಂದವು. ಬಹುಪಾಲು ನಾಯಕಿಯರು ಮೇಲ್ಜಾತಿಯ ಮಧ್ಯಮ ವರ್ಗದವರೇ ಆಗಿದ್ದರು. ಆ ಗೋಡೆಯನ್ನು ದಾಟಿದವರಲ್ಲಿ ಸಾರಾ ಅಬೂಬಕ್ಕರ್ ಮುಖ್ಯರು. 1980ರ ದಶಕದಲ್ಲಿ ಬಂದ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಗೆ ಪ್ರೀತಿಯನ್ನು ಯಾರೂ ಕಲಿಸಬೇಕಾಗಿಲ್ಲ. ಅವಳಿಗೆ ಗಂಡನ ಮೇಲೆ ಒಲವಿದೆ, ಮಗುವಿದೆ. ಹಟಮಾರಿ ತಂದೆ ತಲಾಖ್ ಕೊಡಿಸುತ್ತಾನೆ. ಮರಳಿ ಅದೇ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಷರತ್ತು ಎದುರಾಗುತ್ತದೆ. ನಾದಿರಾ ಮಸೀದಿಯ ಕೆರೆಯಲ್ಲಿ ಮುಳುಗುತ್ತಾಳೆ. ಭಾಗೀರಥಿಯ ಕೆರೆಗೂ ನಾದಿರಾಳ ಕೆರೆಗೂ ನಡುವೆ ಎಷ್ಟೋ ತಲೆಮಾರುಗಳ ಅಂತರವಿದೆ. ಧರ್ಮ ಬೇರೆ, ಊರು ಬೇರೆ. ಎರಡರಲ್ಲೂ ನಿರ್ಧಾರ ಮಾತ್ರ ಹಿರಿಯರದು.

ಇಂಗ್ಲಿಷಿನ ಮಿಲ್ಸ್ ಅಂಡ್ ಬೂನ್ ಕಾದಂಬರಿಗಳೂ ನಮ್ಮ ಲೈಬ್ರರಿಗಳ ಕಪಾಟಿನಲ್ಲಿ ಇದ್ದವು. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ಪ್ರಕಾಶನದ ಪ್ರಣಯ ಕಥೆಗಳಲ್ಲಿ ಸುಖಾಂತ್ಯ ಖಚಿತ. ಕನ್ನಡದ ಲೇಖಕಿಯರು ಅಂಥ ಭರವಸೆ ಕೊಡಲಿಲ್ಲ. ಕೊಟ್ಟಿದ್ದರೆ ಅದು ಓದುಗ ಹೆಣ್ಣುಮಕ್ಕಳಿಗೆ ಗೊತ್ತಿದ್ದ ಬದುಕಿಗೆ ಹೊಂದುತ್ತಿರಲಿಲ್ಲ. ಬದಲಿಗೆ ಬಾಯಿಬಿಟ್ಟು ಹೇಳಲಾಗದ ಪ್ರಶ್ನೆಯೊಂದನ್ನು ಅವರ ಕೈಗಿಟ್ಟರು. ಮಧ್ಯಾಹ್ನದ ಕೆಲಸ ಮುಗಿಸಿ ‘ಬೆಳ್ಳಿಮೋಡ’ ಓದಿದ ಗೃಹಿಣಿ ಸಂಜೆ ಮತ್ತೆ ಒಲೆಯ ಮುಂದೆಯೇ ನಿಂತಿರಬಹುದು. ಆದರೆ ಹೆಣ್ಣೊಬ್ಬಳು ‘ಬೇಡ’ ಎಂದೂ ಒಳ್ಳೆಯವಳಾಗಿ ಉಳಿಯಬಹುದು ಎಂಬುದನ್ನು ಅವಳು ಓದಿಯಾಗಿತ್ತು.

ತ್ಯಾಗಮಯಿ ನಾಯಕಿ ಇಂದಿಗೂ ಮರೆಯಾಗಿಲ್ಲ. ಟಿ.ವಿ. ಧಾರಾವಾಹಿಗಳಲ್ಲಿ ಆಕೆ ದಿನವೂ ಮನೆಗೆ ಬರುತ್ತಾಳೆ. ತ್ಯಾಗವೇ ತಪ್ಪೆಂದು ಯಾರೂ ಹೇಳಲಾರರು. ಪರಸ್ಪರ ಬಿಟ್ಟುಕೊಡದೆ ಯಾವ ಸಂಸಾರವೂ ನಡೆಯದು. ಅಂಥ ಕಥೆಯನ್ನು ಓದುವಾಗ, ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಅವಳು ಕೊಟ್ಟದ್ದು ನಿಜವಾಗಿ ಅವಳದಾಗಿತ್ತೇ? ಕೊಡುವ ಮುನ್ನ ಅವಳನ್ನು ಯಾರಾದರೂ ಕೇಳಿದರೇ? ಅವಳಿಗಾಗಿ ಬೇರೆ ಯಾರಾದರೂ ಏನನ್ನಾದರೂ ಬಿಟ್ಟುಕೊಟ್ಟರೇ? ಈ ಮೂರಕ್ಕೂ ‘ಹೌದು’ ಎಂದು ಉತ್ತರ ಬರುವ ಕಥೆಯಲ್ಲಿ ನಾಯಕಿಯ ಜೊತೆಗೆ ಅವಳ ಮನೆಯವರೂ ಪ್ರೀತಿಯನ್ನು ಕಲಿತಿರುತ್ತಾರೆ.