ಸುಧಾರಿಸುವುದು, ಸುಧಾರಿಸಿಕೊಳ್ಳುವುದು

ಉತ್ತಮಗೊಳಿಸು, ಉತ್ತಮಗೊಳ್ಳು ಎಂಬ ಎರಡೂ ಅರ್ಥಗಳಲ್ಲಿ ಇಂದು ಬಳಕೆಯಾಗುವ ಇಂಗ್ಲಿಷಿನ ‘ಇಂಪ್ರೂವ್’ ಕ್ರಿಯಾಪದದ ಬೇರಿನಲ್ಲಿ ಇರುವುದು ಲಾಭದ ಲೆಕ್ಕ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಫ್ರೆಂಚಿನಿಂದ ಬಂದ ಈ ಪದ, ಪಾಳುನೆಲಕ್ಕೆ ಬೇಲಿ ಹಾಕಿ ಸಾಗುವಳಿಗೆ ತಂದು ಆದಾಯ ಹೆಚ್ಚಿಸಿಕೊಳ್ಳುವುದನ್ನು ಸೂಚಿಸುತ್ತಿತ್ತು. ಗುಣ ಹೆಚ್ಚಿಸು ಎಂಬ ಅರ್ಥ ಬಲಗೊಂಡದ್ದು 17ನೆಯ ಶತಮಾನದಿಂದ ಈಚೆಗೆ.

ಇದಕ್ಕೆ ಸಾಟಿಯಾಗಿ ಕನ್ನಡಿಗರು ಆಡುವ ಮಾತು ‘ಸುಧಾರಿಸು’. ಶಾಲೆಯನ್ನು ಸುಧಾರಿಸಿದರು ಎಂಬಲ್ಲಿ ಅದು ಸಕರ್ಮಕ, ಅಂದರೆ ಕ್ರಿಯೆ ಇನ್ನೊಂದರ ಮೇಲೆ ನಡೆಯುತ್ತದೆ; ಜ್ವರ ಬಿಟ್ಟು ಮಗು ಸುಧಾರಿಸಿತು ಎಂಬಲ್ಲಿ ಅಕರ್ಮಕ. ಆದರೆ ಕ್ರಿಯೆಯ ಫಲ ಮಾಡಿದವನಿಗೇ ಸಲ್ಲುವುದೆಂದು ತಿಳಿಸುವ ‘ಕೊಳ್ಳು’ ಸೇರಿದೊಡನೆ, ಇಂಗ್ಲಿಷ್ ಪದಕ್ಕಿಲ್ಲದ ಅರ್ಥವೊಂದು ಮೂಡುತ್ತದೆ. ಬಿಸಿಲಲ್ಲಿ ಹೊರೆ ಹೊತ್ತು ಬಂದವರಿಗೆ, ‘ತುಸು ಸುಧಾರಿಸಿಕೊಂಡು ಹೋಗ್ರಿ’ ಎಂದರೆ ಅದು ದಣಿವಾರಿಸಿಕೊಳ್ಳಲು ನೀಡುವ ಆಹ್ವಾನವೇ ಹೊರತು ತಿದ್ದಿಕೊಳ್ಳಿರೆಂಬ ಬುದ್ಧಿವಾದವಲ್ಲ.

ಈ ಎರಡು ಅರ್ಥಗಳ ನಡುವಿನ ಅಂತರವನ್ನು ಸುರಪುರ–ಶಹಾಪುರ ಸೀಮೆಯ ನೆಲವೇ ತೋರಿಸುತ್ತದೆ. ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ, ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ಇಂಗ್ಲಿಷ್ ಪದದ ಮೊದಲ ಅರ್ಥದಲ್ಲಿ ಆ ನೆಲ ನಿಜಕ್ಕೂ ಸುಧಾರಿಸಿತು. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲವಾದ್ದರಿಂದ, ಅಳತೆ ಮೀರಿ ಹಾಯಿಸಿದ ಕಡೆ ಒಳನೀರು ಮೇಲೇರಿ, ತನ್ನೊಡನೆ ತಂದ ಲವಣವನ್ನು ಉಳಿಸಿ ಆವಿಯಾಗುತ್ತದೆ. ಹೀಗೆ ಉಪ್ಪೇರಿದ ನೆಲ ಸವಳು, ನೀರು ನಿಂತು ಬೇರು ಕೊಳೆಯುವ ನೆಲ ಜವಳು. ತೇವ ಆರಿದಾಗ ಬದುವಿನ ಅಂಚಿನಲ್ಲಿ ಕಾಣುವ ಬಿಳಿಯ ಪುಡಿ ಸವಳಿನ ಮೊದಲ ಗುರುತು.

ಅಂಥ ಹೊಲಕ್ಕೆ ಬೇಕಾದುದು ಹೆಚ್ಚಿನ ನೀರಾಗಲಿ ಗೊಬ್ಬರವಾಗಲಿ ಅಲ್ಲ; ನಿಂತ ನೀರನ್ನು ಹೊರಗೊಯ್ಯುವ ಬಸಿಗಾಲುವೆ, ಹಸಿರೆಲೆ ಗೊಬ್ಬರಕ್ಕಾಗಿ ಬಿತ್ತುವ ಸೆಣಬು, ಭತ್ತದ ಬದಲು ಕಡಿಮೆ ನೀರು ಬೇಡುವ ಬೆಳೆ. ಇವೆಲ್ಲವೂ ನೆಲಕ್ಕೆ ಉಸಿರಾಡಲು ಬಿಡುವು ಕೊಡುವ ಉಪಾಯಗಳು. ಇಳುವರಿಯನ್ನು ಮಾತ್ರ ಎಣಿಸುವವನು ಹೊಲವನ್ನು ಸುಧಾರಿಸುತ್ತಾನೆ; ಮುಂದಿನ ಬಿತ್ತನೆಯನ್ನೂ ನೆನೆಯುವವನು ಅದಕ್ಕೆ ಸುಧಾರಿಸಿಕೊಳ್ಳಲು ಬಿಡುತ್ತಾನೆ.