ಸೆರೆಮನೆಯ ಒಳಗಿನ ದಿನ, ಹೊರಗಿನ ನಾವು

(ದೇವಣಗಾಂವದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಕಾಯಕದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಪೂಜ್ಯರು ಅಪ್ಪಣೆ ಮಾಡಿದಾಗ, ಸೆರೆಮನೆಯ ಬಗ್ಗೆ ಹೇಳಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿ ಎಂದರು. ನಾನು ಪಂಡಿತನಲ್ಲ, ಸರಕಾರಿ ಕಟ್ಟಡಗಳ ದುರಸ್ತಿ ನೋಡಿಕೊಂಡ ಎಂಜಿನಿಯರ್. ಸೋರುವ ಶಾಲೆ, ಸೋರುವ ಆಸ್ಪತ್ರೆ, ಸೋರುವ ಜೈಲು. ನನ್ನ ನೌಕರಿಯೆಲ್ಲ ಇಷ್ಟೇ.

ಭೀಮಾ ತೀರ ಎಂದರೆ ಸಾಕು, ಹೊರಗಿನವರು ಕೊಲೆ, ಬಂದೂಕು ಎನ್ನುತ್ತಾರೆ. 2012ರಲ್ಲಿ ಆ ಹೆಸರಿನ ಸಿನಿಮಾವೂ ಬಂತು. ಇಂಡಿಯ ನಿಂಬೆ, ನಮ್ಮ ಬಿಳಿಜೋಳ ಅವರಿಗೆ ನೆನಪಾಗುವುದಿಲ್ಲ. ಅದಕ್ಕೆ ನಮಗೆ ಸಿಟ್ಟು ಬರುತ್ತದೆ, ಬರಲಿ. ಆದರೆ ಜೈಲಿಗೆ ಹೋದ ನಮ್ಮದೇ ಊರಿನವನ ವಿಷಯದಲ್ಲಿ ನಾವು ಮಾಡುವುದೂ ಅದನ್ನೇ. ಒಂದು ಹೆಸರು ಹಚ್ಚಿ ಕೈ ತೊಳೆದುಕೊಳ್ಳುತ್ತೇವೆ.

ವಿಜಯಪುರದ ದರ್ಗಾ ಜೈಲನ್ನು ನಿಮ್ಮಲ್ಲಿ ಬಹಳ ಮಂದಿ ಹೊರಗಿನಿಂದ ಕಂಡಿದ್ದೀರಿ. ಕಟ್ಟುವಾಗ ಅದು ಜೈಲಲ್ಲ. ಆದಿಲಶಾಹಿ ಕಾಲದಲ್ಲಿ ಮುಸ್ತಫಾಖಾನ ಕಟ್ಟಿಸಿದ ಸರಾಯಿ. ದಾರಿಹೋಕರು ರಾತ್ರಿ ತಂಗಿ, ಬೆಳಿಗ್ಗೆ ಎದ್ದು ಹೋಗುವ ಛತ್ರ. ಬ್ರಿಟಿಷರ ಕಾಲಕ್ಕೆ ಅದು ಜೈಲಾಯಿತು. ಬೆಳಿಗ್ಗೆ ಎದ್ದರೂ ಹೋಗಲು ಬಾರದ ಛತ್ರ.

ಒಳಗಿನ ದಿನ ಹೇಗಿರುತ್ತದೆ? ಸಿನಿಮಾದಲ್ಲಿ ತೋರಿಸುವ ಹಾಗೆ ಕಲ್ಲು ಒಡೆಯುವುದು, ಬಡಿದಾಡುವುದು ಅಲ್ಲ. ಬೆಳಕು ಹರಿಯುತ್ತಲೇ ಬ್ಯಾರಕ್ಕಿನ ಬೀಗ ತೆಗೆಯುತ್ತಾರೆ. ಎಣಿಕೆ. ಚಹಾ. ನಳದ ಮುಂದೆ ಸಾಲು, ಪಾಯಖಾನೆಯ ಮುಂದೆ ಸಾಲು. ತಿಂಡಿ. ಮಧ್ಯಾಹ್ನದ ಊಟ ಮಧ್ಯಾಹ್ನಕ್ಕೆ ಮೊದಲೇ, ರಾತ್ರಿಯ ಊಟ ಹೊತ್ತು ಮುಳುಗುವ ಮೊದಲೇ. ಮತ್ತೆ ಎಣಿಕೆ, ಮತ್ತೆ ಬೀಗ. ಅಲ್ಲಿಂದ ಮರುದಿನ ಬೆಳಿಗ್ಗೆಯವರೆಗೆ ಸುಮಾರು ಹನ್ನೆರಡು ತಾಸು ನಾಲ್ಕು ಗೋಡೆ. ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಬ್ಯಾರಕ್ಕಿನಲ್ಲಿ ಒಬ್ಬನಿಗೆ 3.71 ಚದರ ಮೀಟರ್ ಜಾಗ ಇರಬೇಕು. ನಮ್ಮ ಲೆಕ್ಕದಲ್ಲಿ ಎರಡು ಹೊರಸು ಹಾಕಿದರೆ ಮುಗಿಯಿತು. ಜನ ಹೆಚ್ಚಾದರೆ ಅದೂ ಇಲ್ಲ. ನಕ್ಷೆಯಲ್ಲಿ ನಾವು ಒಂದು ಚೌಕ ಎಳೆದು 'ಬ್ಯಾರಕ್' ಎಂದು ಬರೆದುಬಿಡುತ್ತೇವೆ. ಆ ಚೌಕದೊಳಗೆ ರಾತ್ರಿ ಒಬ್ಬ ಕೆಮ್ಮಿದರೆ ಎಲ್ಲರೂ ಏಳುತ್ತಾರೆ ಎಂಬುದು ನಕ್ಷೆಗೆ ಗೊತ್ತಾಗುವುದಿಲ್ಲ.

ಕಠಿಣ ಶಿಕ್ಷೆಯಾದವರಿಗೆ ಬಿಳಿ ಬಟ್ಟೆ, ಕೆಲಸ, ಕೂಲಿ ಇದೆ. ನೇಕಾರಿಕೆ, ಬಡಗಿತನ, ಬೇಕರಿ, ಅಡುಗೆಮನೆ. ಕೈದಿಗಳಿಗೆ ನ್ಯಾಯವಾದ ಕೂಲಿ ಸಿಗಬೇಕು ಎಂದು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿತು. ಇತ್ತೀಚಿನ ವರ್ಷಗಳಲ್ಲಿ ನಮ್ಮ ರಾಜ್ಯ ಅದನ್ನು ದಿನಕ್ಕೆ 500 ರೂಪಾಯಿ ದಾಟುವಂತೆ ಏರಿಸಿದೆ. ಕೆಲವರಿಗೆ ಇದು ಸಿಟ್ಟು ತರಿಸುತ್ತದೆ, ನಮ್ಮ ಹೊಲದ ಆಳಿಗೂ ಇಷ್ಟು ಕೊಡುವುದಿಲ್ಲವಲ್ಲ ಎಂದು. ತಪ್ಪು ಜೈಲಿನದೋ, ನಮ್ಮ ಹೊಲದ್ದೋ, ನೀವೇ ಹೇಳಿ.

ಆದರೆ ವಿಚಾರಣಾಧೀನರಿಗೆ ಕೆಲಸದ ಕಡ್ಡಾಯ ಇಲ್ಲ. ಇವರು ತಪ್ಪು ಮಾಡಿದ್ದಾರೆ ಎಂದು ಯಾವ ನ್ಯಾಯಾಧೀಶರೂ ಇನ್ನೂ ಹೇಳಿಲ್ಲ. ದೇಶದ ಕೈದಿಗಳಲ್ಲಿ ಇಂಥವರು ಸುಮಾರು ಮುಕ್ಕಾಲು ಪಾಲು. ಅವರ ದಿನವೆಂದರೆ ಕಾಯುವುದು. ಮುಂದಿನ ತಾರೀಖಿಗೆ, ವಕೀಲರಿಗೆ, ಮುಲಾಖಾತಿಗೆ ಬರುವ ಮನೆಯವರಿಗೆ. ಕಾಯಕವೇ ಇಲ್ಲದ ದಿನ ಎಷ್ಟು ಉದ್ದ ಎಂಬುದನ್ನು ನಿವೃತ್ತಿಯಾದ ಮೊದಲ ತಿಂಗಳು ನಾನೂ ಸ್ವಲ್ಪ ಕಂಡೆ. ನನ್ನ ಬಾಗಿಲಿಗೆ ಬೀಗ ಇರಲಿಲ್ಲ, ಅಷ್ಟೇ.

ಇನ್ನು ಕಾಯಕ ಎಂದ ಮೇಲೆ ಜಾತಿಯ ಮಾತು ಬರಲೇಬೇಕು. ನಮ್ಮ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಇಂಥ ಜಾತಿಯವರು, ಕಸ ಗುಡಿಸುವುದು ಇಂಥ ಜಾತಿಯವರು ಎಂಬ ನಿಯಮ ಮೊನ್ನೆ ಮೊನ್ನೆಯವರೆಗೂ ಇತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ನ್ಯಾಯಾಲಯ ಅವನ್ನೆಲ್ಲ ರದ್ದು ಮಾಡಿತು, ಕೈದಿಗಳ ದಾಖಲೆ ಪುಸ್ತಕದಲ್ಲಿದ್ದ ಜಾತಿಯ ಕಾಲಂ ಅಳಿಸಿ ಎಂದಿತು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅಳಿಸಿದ ಕಾಲಂ ಅದು. ನಾವೇ ಮತ್ತೆ ಬರೆದುಕೊಂಡಿದ್ದೇವೆ, ಜೈಲಿನ ಹೊರಗೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ತಾಯಿಯೊಬ್ಬಳ ಮಗ, ಕೇರಿಯ ಹುಡುಗ, ಹೊಳೆದಂಡೆಯ ಪಂಪು ಕದ್ದ ಆರೋಪದ ಮೇಲೆ ಒಳಗೆ ಹೋದ. ಎರಡು ತಿಂಗಳಿಗೆ ಜಾಮೀನು ಸಿಕ್ಕಿತು. ಆದರೆ ಜಾಮೀನಿಗೆ ಆಸ್ತಿ ಇದ್ದವರು ಬೇಕು. ಆ ತಾಯಿ ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತು, "ಯಪ್ಪಾ, ನಿಮ್ಮ ಹೊಲದ ಉತಾರಿ ಒಂದ್ ಇಟ್ರ ನನ್ನ ಮಗಾ ಹೊರಗ ಬರ್ತಾನ್ರಿ" ಎಂದಳು. ನಾನು ಸರಕಾರಿ ನೌಕರ, ನನಗೆ ಬರುವುದಿಲ್ಲ ಎಂದೆ. ಅದು ನಿಜವಲ್ಲ. ಅದೇ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಹೊಡೆದಾಟದ ಕೇಸಿನಲ್ಲಿ ಸಿಕ್ಕಾಗ ನನ್ನ ಹೊಲದ ಉತಾರಿಯೇ ಕೋರ್ಟಿಗೆ ಹೋಗಿತ್ತು. ಕೊರಳಲ್ಲಿ ಲಿಂಗ ಇತ್ತು, ಹಣೆಯಲ್ಲಿ ವಿಭೂತಿ ಇತ್ತು. ಉರಿಲಿಂಗಪೆದ್ದಿಗಳು ಕಳ್ಳತನ ಬಿಟ್ಟು ಶರಣರಾದರು, ಗುರುಗಳು ಅವರನ್ನು ಮಠದ ಪೀಠದಲ್ಲೇ ಕೂರಿಸಿದರು ಎಂಬ ಕತೆಯನ್ನು ಇಂಥ ಸಭೆಗಳಲ್ಲಿ ಕೇಳಿ ತಲೆ ಆಡಿಸಿದವನೇ ನಾನು.

ಕೆಲ ತಿಂಗಳ ಮೇಲೆ ಒಂದು ಜೈಲಿನ ಛತ್ತು ಸೋರುತ್ತದೆ ಎಂದು ಕೆಲಸ ಬಂತು. ನಕ್ಷೆ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಎಣಿಕೆಯ ಸಾಲಿನಲ್ಲಿ ಅವನಿದ್ದ. ನನ್ನನ್ನು ನೋಡಿ ನಕ್ಕ. "ಸಾಹೇಬ್ರ, ಊರಾಗ ಮಳಿ ಆಗ್ಯಾದೇನ್ರಿ?" ಎಂದ. ಜಾಮೀನಿನ ಮಾತು ಎತ್ತಲಿಲ್ಲ, ತಾಯಿಯ ಮಾತೂ ಎತ್ತಲಿಲ್ಲ. ಕಾಂಟ್ರಾಕ್ಟರ್ ಪಕ್ಕದಲ್ಲಿದ್ದ, ಜೈಲಿನ ಅಧಿಕಾರಿ ಪಕ್ಕದಲ್ಲಿದ್ದರು. ನಾನು ನಕ್ಷೆ ನೋಡಿದೆ. ಅವನ ಮಾತು ಕೇಳಿಸಲಿಲ್ಲ ಎನ್ನುವ ಹಾಗೆ.

ಜಾಮೀನು ಆದೇಶವಾದ ಮೇಲೂ ಅವನು ಹದಿನೇಳು ತಿಂಗಳು ಒಳಗಿದ್ದ. ಕೊನೆಗೆ ಕೇಸು ಬಿದ್ದುಹೋಯಿತು. ಊರಿಗೆ ಬಂದವನಿಗೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಸೊಲ್ಲಾಪುರದ ಕಡೆ ಹೋದ. ಅವನ ತಾಯಿ ತೀರಿಕೊಂಡಾಗ ಬಂದಿದ್ದನಂತೆ, ನಾನು ಊರಲ್ಲಿರಲಿಲ್ಲ.

ಈಗ ಕಾನೂನು ಅಂದಿನಂತಿಲ್ಲ, ಇದನ್ನು ದಯವಿಟ್ಟು ಮನೆಗೆ ಒಯ್ಯಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮೊದಲ ಸಲ ಸಿಕ್ಕ ವಿಚಾರಣಾಧೀನ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ದರೂ ಇಲ್ಲ. ಬರಿಯ ಕಳವಿಗೆ ಗರಿಷ್ಠ ಮೂರು ವರ್ಷ, ಮೂರನೇ ಒಂದು ಭಾಗ ಹನ್ನೆರಡು ತಿಂಗಳು. ಆ ಹುಡುಗ ಒಟ್ಟು ಹತ್ತೊಂಬತ್ತು ತಿಂಗಳು ಇದ್ದ. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಜೈಲಿನಲ್ಲಿರುವ ಯಾರಿಗೇ ಆಗಲಿ ಆ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ. ಬಡ ಕೈದಿಗಳ ಜಾಮೀನು ಹಣಕ್ಕೆ ಕೇಂದ್ರದ ಯೋಜನೆಯೂ ಇದೆ. ಇಷ್ಟಿದ್ದೂ ಯಾರಾದರೂ ಒಬ್ಬರು ವಿಜಯಪುರದ ಬಸ್ಸು ಹತ್ತಬೇಕು, ಹೆಸರು ಹೇಳಬೇಕು. ಕಾಗದ ತಾನಾಗಿ ನಡೆಯುವುದಿಲ್ಲ ಎಂದು ಮೂವತ್ತು ವರ್ಷ ಕಾಗದ ನಡೆಸಿದವನು ಹೇಳುತ್ತೇನೆ.

ಜಾಮೀನು ನಿಲ್ಲುವುದರಲ್ಲಿ ಅಪಾಯ ಇಲ್ಲ ಎನ್ನಲಾರೆ. ಅವನು ತಾರೀಖಿಗೆ ಬಾರದಿದ್ದರೆ ಕೋರ್ಟು ನಮ್ಮನ್ನು ಕೇಳುತ್ತದೆ, ದುಡ್ಡು ಕಟ್ಟಿಸುತ್ತದೆ. ಹಾಗಾಗಿ ಗೊತ್ತಿದ್ದವರಿಗೇ ನಿಲ್ಲಿರಿ. ನಮ್ಮ ಊರುಗಳಲ್ಲಿ ಯಾರು ಯಾರಿಗೆ ಗೊತ್ತಿಲ್ಲ?

ಪ್ರಸಾದ ಆದ ಮೇಲೆ ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಸುತ್ತಲಿನ ಊರಿನ ಯಾರಾದರೂ, ಯಾವ ಓಣಿಯವರಾದರೂ, ಜಾಮೀನು ಸಿಕ್ಕು ಒಳಗೇ ಇದ್ದರೆ ಬಂದು ಹೇಳಿ. ಹೊಲದ ಉತಾರಿ ಈ ಚೀಲದಲ್ಲಿ ತಂದಿದ್ದೇನೆ.